ಅಮ್ಮನ ಕಲ್ಲು, ಇತರೆಯವರ ವೋಟು

ಸೂರತ್, 9 ಜೂನ್ 2024

ತಂಗಿ ಕಾಮಾಕ್ಷಿಗೆ ಅಕ್ಕ ನಾಗವೇಣಿಯ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಈ ಸಲ ಬರೆಯುವುದಿಲ್ಲ. ಅಮ್ಮನ ಕಲ್ಲು ಹೋಯಿತು.

ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನಾನು ಫೋನು ಹಿಡಿದರೆ ಸೊಸೆ ಸಂಧ್ಯಾಳ ಕಿವಿ ಅಡುಗೆಮನೆಯಿಂದ ಎದ್ದು ನನ್ನ ಮಂಚದ ಹತ್ತಿರ ಬಂದು ಕೂರುತ್ತದೆ. ಕಾಗದವೇ ಸುರಕ್ಷಿತ. ಅವಳು ಮುಂಬಯಿಯವಳು, ಮಗ ಸಂದೀಪ ಗುಜರಾತಿ ಶಾಲೆಯಲ್ಲಿ ಕಲಿತವನು. ಇಬ್ಬರೂ ಕನ್ನಡ ಮಾತಾಡುತ್ತಾರೆ, ಒಂದಕ್ಷರ ಓದಲು ಬರುವುದಿಲ್ಲ. ನಾಲ್ಕನೇ ಕ್ಲಾಸಿನ ನನ್ನ ಅಕ್ಷರ ಈ ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆ. ಬೀಗದಕೈ ಅಹಮದಾಬಾದಿನಲ್ಲಿ ನಿನ್ನ ಸೊಂಟದಲ್ಲಿದೆ.

ನಡೆದದ್ದು ಹೀಗೆ. ಎರಡು ದಿನ ವಡೋದರಾಕ್ಕೆ ನಿನ್ನ ಮಗ ಪ್ರಶಾಂತನ ಮನೆಗೆ ಹೋಗಿದ್ದೆನಲ್ಲ. ನಿನ್ನ ಮೊಮ್ಮಗಳು ಮಹಿಮಾ ಮಾವಿನ ರಸ ಬಡಿಸಿದಳು, ಒಂದು ಕಣ್ಣು ಲೋಟದ ಮೇಲೆ, ಇನ್ನೊಂದು ಫೋನಿನ ಮೇಲೆ. ಇರಲಿ. ವಾಪಸು ಬಂದು ನೋಡಿದರೆ ನಮ್ಮ ಹೋಟೆಲಿನ ಹಿಂದಿನ ಜಗಲಿ ಬೋಳು. ನಲವತ್ಮೂರು ವರ್ಷ ಅಲ್ಲಿ ಕೂತಿದ್ದ ಅರೆಯುವ ಕಲ್ಲು ಇಲ್ಲ. ಒಳಗೆ ತೊಳೆದಿಟ್ಟಿದ್ದ ಗುಂಡು ಮಾತ್ರ ಉಳಿದಿದೆ, ನನ್ನ ಹಾಗೆ ಒಂಟಿಯಾಗಿ.

ಯಾರು ಎಂದರೆ, ನಮ್ಮ ಅಂಗಡಿ ಸಾಲಿನ ಅಧ್ಯಕ್ಷ ಮಯೂರ್ ಭಾಯಿ. ಬಿಲ್ಡಿಂಗು ಕಟ್ಟಿಸುವವನು. ಹಿಂದಿನ ಓಣಿಗೆ ಟೈಲ್ಸ್ ಹಾಕಿಸುವಾಗ ‘ಹೊರಗೆ ಬಿದ್ದ ಕಸ’ ಎಂದು ಟೆಂಪೋಕ್ಕೆ ತುಂಬಿಸಿದ್ದಾನೆ. ಸಂದೀಪ ನಿಂತು ನೋಡಿದ್ದಾನೆ. ಕೇಳಿದರೆ, “ಧಂಧೆ ಮಾಡುವವರು ನಾವು, ಅಮ್ಮಾ. ಅವರನ್ನು ಎದುರು ಹಾಕಿಕೊಂಡು ಬದುಕಲಿಕ್ಕಾಗ್ತದಾ?” ಎಂದ.

ನಾನೇ ಹೋದೆ. ಹತ್ತು ಜನರ ಮಧ್ಯೆ ಕೂತು ಚಹಾ ಕುಡಿಯುತ್ತಿದ್ದ. ನನ್ನ ಕಲ್ಲು ಎಲ್ಲಿ ಎಂದೆ. ಓಣಿಗೆಲ್ಲ ನಾನು ‘ಬಾ’ ತಾನೇ, ಬಾಯಲ್ಲಿ ಅಮ್ಮ ಎಂದು ಕರೆಯುತ್ತಲೇ ಹೇಳಿದ:

“ಪಥ್ಥರ್ ಜ ಛೇ ನೇ, ಬಾ! ಕಲ್ಲು ತಾನೇ! ಸೂರತ್ತಿನಲ್ಲಿ ಕಲ್ಲಿಗೆ ಬರವೇ? ಮಿಕ್ಸರ್ ಕಳಿಸುತ್ತೇನೆ ಬಿಡಿ.”

ಹತ್ತೂ ಜನ ನಕ್ಕರು. ಕಾಮೂ, ಅದು ನಮ್ಮಮ್ಮ ಧಾರೆಯ ದಿನ ಮೆಟ್ಟಿದ ಕಲ್ಲು. ‘ಕಲ್ಲಿನ ಹಾಗೆ ಗಟ್ಟಿಯಾಗಿ ನಿಲ್ಲು’ ಎಂದು ಭಟ್ಟರು ಹೇಳಿ ನನ್ನ ಕಾಲು ಇಡಿಸಿದ ಕಲ್ಲು, ನಿನ್ನ ಕಾಲೂ ಇಡಿಸಿದ ಕಲ್ಲು. ನಿನ್ನ ಭಾವ ಕುಂದಾಪುರದಿಂದ ಬಸ್ಸು, ರೈಲು ಬದಲಾಯಿಸುತ್ತಾ ಹೆಗಲ ಮೇಲೆ ತಂದದ್ದು.

ನಮ್ಮ ವಾರ್ಡಿನ ಕಾರ್ಪೊರೇಟರ್ ಯುಗಾದಿಯ ಹೊತ್ತಿಗೆ ತೀರಿಕೊಂಡ. ಆ ಒಂದು ಸೀಟಿಗೆ ಆಗಸ್ಟಿನಲ್ಲಿ ಉಪಚುನಾವಣೆಯಂತೆ. ಟಿಕೆಟ್ಟು ಮಯೂರನಿಗೆ. ನಾನು ಯಾವ ಪಕ್ಷದವಳೂ ಅಲ್ಲ, ನಿನಗೆ ಗೊತ್ತು. ಈ ಸಲ ನನಗೂ ಒಂದು ಪಕ್ಷ ಸಿಕ್ಕಿತು. ಅವನ ಕಣ್ಣಲ್ಲಿ ನೀರು ತರಿಸದಿದ್ದರೆ ನಾನು ಅಮ್ಮನ ಮಗಳಲ್ಲ.

ನಾಗವೇಣಿ


ಅಹಮದಾಬಾದ್, 20 ಜೂನ್ 2024

ಪ್ರೀತಿಯ ಅಕ್ಕನಿಗೆ ಕಾಮಾಕ್ಷಿಯ ನಮಸ್ಕಾರಗಳು.

ನಿನ್ನ ಕಾಗದ ಓದಿ ಬೇಸರವಾಯಿತು. ನಮ್ಮ ಸ್ಯಾಟಲೈಟ್ ಬಡಾವಣೆಯಲ್ಲಿ ಈಗ ವಿಪರೀತ ಸೆಕೆ. ಇವರಿಗೆ ಮಂಡಿನೋವು ಬೇರೆ. ಕಲ್ಲು ಹೋದದ್ದಕ್ಕೆ ನನಗೂ ದುಃಖವಿದೆ. ಅಮ್ಮ ಮೊದಲು ಅದನ್ನು ನನಗೇ ಕೊಡಲು ಬಂದಿದ್ದಳು, ನೆನಪಿದೆಯೇ? ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎಲ್ಲಿ ಇಡುವುದು ಎಂದು ನಾನೇ ಬೇಡ ಎಂದೆ. ಆದರೆ ಅಕ್ಕಾ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಂದು ಕಲ್ಲಿಗಾಗಿ ಊರ ದೊಡ್ಡವರ ಮೇಲೆ ಹಗೆ ಸಾಧಿಸುವುದು ನಿನಗೆ ಶೋಭೆಯೇ? ನಿನಗೆ ಅನುಕೂಲವಾಗಲೆಂದು ಒಂದು ಒಳ್ಳೆಯ ಗ್ರೈಂಡರ್ ಕೊರಿಯರ್ ಮಾಡಿಸಿದ್ದೇನೆ. ತೆಂಗಿನಕಾಯಿ ನುಣ್ಣಗಾಗುತ್ತದೆ.

ಅಂದ ಹಾಗೆ, ಆ ಮಯೂರ್ ಭಾಯಿಯ ಮನೆಯವರು ಹೇಗೆ? ಹೆಂಡತಿ, ಮಕ್ಕಳು? ನಾಲ್ಕು ಜನರಲ್ಲಿ ಒಳ್ಳೆಯ ಹೆಸರಿದೆಯೇ? ಸುಮ್ಮನೆ ಕೇಳಿದೆ.

ನಿನ್ನ
ಕಾಮಾಕ್ಷಿ


ಸೂರತ್, 1 ಜುಲೈ 2024

ಕಾಮೂ,

ಗ್ರೈಂಡರ್ ಬಂತು. ಪೆಟ್ಟಿಗೆ ಬಿಚ್ಚದೆ ಪಾಂಡೇಸರಾದ ಮಿಲ್ಲಿನಲ್ಲಿ ದುಡಿಯುವ ಒಡಿಯಾ ಹೆಂಗಸಿಗೆ ಕೊಟ್ಟೆ. ಇಸ್ರೋದಲ್ಲಿದ್ದು ಆಕಾಶಕ್ಕೆ ಉಪಗ್ರಹ ಹಾರಿಸಿದವರ ಹೆಂಡತಿ ನೀನು, ನೆಲದ ಮೇಲಿನ ಕಲ್ಲು ನಿನ್ನ ಕಣ್ಣಿಗೆ ಎಲ್ಲಿ ಕಾಣಬೇಕು? ಮಿಕ್ಸರ್ ಕಳಿಸುತ್ತೇನೆ ಎಂದ ಮಯೂರನಿಗೂ ನಿನಗೂ ಎಂತ ವ್ಯತ್ಯಾಸ? ಅವನು ಬಾಯಲ್ಲಿ ಹೇಳಿದ, ನೀನು ಕಳಿಸಿಯೇ ಬಿಟ್ಟೆ.

ಆದರೆ ಅವನ ಮನೆಯ ವಿಚಾರ ಕೇಳಿದೆಯಲ್ಲ, ಅದು ಸಂತೋಷವಾಯಿತು. ಶತ್ರುವಿನ ಒಳಮನೆ ತಿಳಿದಿರಬೇಕು ಎಂಬ ಬುದ್ಧಿ ನಿನಗೂ ಬಂತು ಎಂದಾಯಿತು. ಕೇಳು. ಮನೆ ಮೂರು ಅಂತಸ್ತು, ಮುಂದೆ ಎರಡು ಸಿಮೆಂಟಿನ ಸಿಂಹ. ಒಂದಕ್ಕೆ ಮೂಗಿಲ್ಲ. ಹೆಂಡತಿ ಮನಸ್ವಿನಿ ಮಾತ್ರ ಒಳ್ಳೆಯವಳು. ಪ್ರತಿ ಭಾನುವಾರ ನನ್ನ ಹತ್ತಿರ ಇಡ್ಲಿ ಹಿಟ್ಟಿಗೆ ಡಬ್ಬ ತರುತ್ತಾಳೆ, ಖಾಲಿ ಡಬ್ಬ ತರಬಾರದೆಂದು ಒಳಗೆ ಒಂದು ಚಮಚ ಸಕ್ಕರೆ ಹಾಕಿ ತರುತ್ತಾಳೆ. ಅಂಥವಳು ಇಂಥವನ ಜೊತೆ ಹೇಗೆ ಬಾಳುತ್ತಾಳೋ.

ಮೊನ್ನೆ ಅವನ ಇಬ್ಬರು ಹುಡುಗರು ನಮ್ಮ ಹೋಟೆಲಿನಲ್ಲೇ ಕೂತು ಮತದಾರರ ಪಟ್ಟಿ ಹರಡಿಕೊಂಡಿದ್ದರು. ಪಟೇಲರು ಇಷ್ಟು, ಮರಾಠಿಗಳು ಇಷ್ಟು, ಎಂದು ಬಣ್ಣಬಣ್ಣದ ಗೀಟು. ಕೊನೆಗೆ ನಾವು, ತೆಲುಗರು, ಬಂಗಾಳಿಗಳು, ಬಾಡಿಗೆಮನೆಯ ಒಂಟಿ ಹೆಂಗಸರು, ಎಲ್ಲರನ್ನೂ ಒಟ್ಟಿಗೆ ಗುಡ್ಡೆ ಹಾಕಿ ‘ಇತರೆ’ ಎಂದು ಬರೆದರು. ಒಬ್ಬ ಹೇಳಿದ, “ಇವರನ್ನು ಬಿಡು. ಪಕ್ಷ ಇಲ್ಲ, ಗುಂಪಿಲ್ಲ. ಉಪಚುನಾವಣೆ, ಅದೂ ಭಾನುವಾರ, ಅದೂ ಮಳೆಗಾಲ. ಹಾಸಿಗೆಯಿಂದ ಏಳುವುದಿಲ್ಲ.” ಅವನ ಸಾಂಬಾರಿಗೆ ನಾನೇ ಇನ್ನೊಂದು ಸೌಟು ಹಾಕಿ ಬಂದೆ. ತಿನ್ನಲಿ, ಬಲ ಬರಲಿ.

ನನ್ನ ಕೆಲಸ ಶುರುವಾಗಿದೆ. ಭಾನುವಾರ ಹಿಟ್ಟು ಒಯ್ಯಲು ಬರುವ ಓಣಿಯ ಹೆಂಗಸರಿಗೆ ಜೊತೆಗೆ ಒಂದು ಮುದ್ದೆ ಕಲ್ಲಿನಲ್ಲಿ ಅರೆದ ಚಟ್ನಿ ಸುಮ್ಮನೆ ಕೊಡುತ್ತಿದ್ದೆನಲ್ಲ, ಈಗ ಇಲ್ಲ. ಪ್ರತಿಯೊಬ್ಬಳೂ ಕೇಳುತ್ತಾಳೆ: “ಬಾ, ಚಟ್ನಿ?”

“ಕಲ್ಲಿಲ್ಲ.”

“ಎಲ್ಲಿ ಹೋಯಿತು?”

“ಮಯೂರ್ ಭಾಯಿಯನ್ನು ಕೇಳು.”

ಇಷ್ಟೇ. ಭಾಷಣ ಇಲ್ಲ, ಮೈಕು ಇಲ್ಲ. ಐವತ್ತೆರಡು ಡಬ್ಬ ಇವೆ, ಐವತ್ತೆರಡು ಮನೆ. ಎದುರು ಪಕ್ಷೇತರಳಾಗಿ ನಿಂತವಳು ಹಂಸಾಬೆನ್, ಮುನ್ಸಿಪಾಲಿಟಿ ಶಾಲೆಯಲ್ಲಿ ಟೀಚರಾಗಿದ್ದು ರಿಟೈರಾದವಳು. ಚಿಹ್ನೆ ಹೊಲಿಗೆ ಯಂತ್ರ. ಮುದುಕಿ ಒಂದೇ ಕೊಡೆ ಹಿಡಿದು ಮನೆಮನೆ ಸುತ್ತುತ್ತಾಳೆ. ಅವಳಿಗೆ ಗೆಲ್ಲುವ ಆಸೆ ಎಷ್ಟಿದೆಯೋ ಗೊತ್ತಿಲ್ಲ. ಅವನನ್ನು ಸೋಲಿಸುವ ಆಸೆ ನನಗಿದೆ.

ನಾಗವೇಣಿ


ಅಹಮದಾಬಾದ್, 12 ಜುಲೈ 2024

ಅಕ್ಕಾ,

ಇವರಿಗೆ ಮಂಡಿಯ ಆಪರೇಷನ್ ಬೇಡವೆಂದು ಡಾಕ್ಟರು ಹೇಳಿದ್ದಾರೆ. ನೀನು ಆ ಹೆಂಗಸರ ಮುಂದೆಲ್ಲ ಹಾಗೆ ಮಾತಾಡುವುದು ಸರಿಯಲ್ಲ. ಒಂದು ಬಾಯಿಂದ ಹೊರಟದ್ದು ಎಲ್ಲೆಲ್ಲಿಗೋ ತಲುಪುತ್ತದೆ. ಸ್ವಲ್ಪ ಸುಮ್ಮನಿರು.

ಮಗನ ವಿಷಯ ನೀನು ಬರೆಯಲೇ ಇಲ್ಲ. ಅವರಿಗೊಬ್ಬ ಮಗನಿದ್ದಾನಲ್ಲ? ಕುಡಿತ ಗಿಡಿತ?

ಕಾಮಾಕ್ಷಿ


ಸೂರತ್, 25 ಜುಲೈ 2024

ಕಾಮೂ,

ಮಗ ಆದರ್ಶ. ವಡೋದರಾದಲ್ಲಿ ಎಂಜಿನಿಯರಂತೆ. ಕುಡಿಯುವುದಿಲ್ಲವಂತೆ, ಒಳ್ಳೆಯವನೆಂದು ಜನ ಹೇಳುತ್ತಾರೆ. ಬೇವಿನ ಮರದಲ್ಲಿ ಮಾವು ಬಿಟ್ಟದ್ದನ್ನು ನಾನು ನೋಡಿಲ್ಲ. ಆ ಮನೆಗೆ ಹೆಣ್ಣು ಕೊಡುವವರು ಯಾರೋ, ಅವರ ತಲೆಯನ್ನು ಮೊದಲು ಡಾಕ್ಟರಿಗೆ ತೋರಿಸಬೇಕು. ಮಂಡಿಯನ್ನಲ್ಲ.

ಇವತ್ತು ಬೇರೆಯೇ ಸುದ್ದಿ. ಅಕ್ಷರ ಸೊಟ್ಟಗಾದರೆ ಸರಿಮಾಡಿ ಓದಿಕೋ.

ಕಲ್ಲು ಸಿಕ್ಕಿತು.

ವೋಟಿನ ಚೀಟಿ ಅವನ ಚುನಾವಣಾ ಕಚೇರಿಯಲ್ಲಿ ಕೊಡುತ್ತಾರೆಂದು ಹೋದೆ. ಮಳೆ ಬಂದು ಮುಂದೆ ಕೆಸರು. ಜನ ಒಳಗೆ ಹೋಗುವ ಮುಂಚೆ ಬಾಗಿಲ ಬುಡದ ಮೆಟ್ಟಿಲಿಗೆ ಚಪ್ಪಲಿ ಉಜ್ಜುತ್ತಿದ್ದಾರೆ. ನಾನೂ ಕಾಲೆತ್ತಿದೆ. ಮೂಲೆಯಲ್ಲಿ ಒಡೆದ ಚಕ್ಕೆ ಕಂಡಿತು. ನೀನು ಆರು ವರ್ಷದವಳಿದ್ದಾಗ ಹಲಸಿನ ಬೀಜ ಜಜ್ಜಲು ಹೋಗಿ ಒಡೆದ ಚಕ್ಕೆ, ನನ್ನ ಬೆನ್ನಿಗೆ ಏಟು ಬಿದ್ದ ಚಕ್ಕೆ. ಅಮ್ಮನ ಕಲ್ಲಿಗೆ ಸುತ್ತ ಸಿಮೆಂಟು ಮೆತ್ತಿ ಮೆಟ್ಟಿಲು ಮಾಡಿದ್ದಾನೆ, ಕಾಮೂ.

ಎತ್ತಿದ ಕಾಲು ಕೆಳಗಿಡಲು ಜಾಗ ಸಿಗಲಿಲ್ಲ ನನಗೆ.

ಮಯೂರ ಒಳಗಿಂದಲೇ ಕೂಗಿದ: “ಆವೋ ಬಾ, ಆವೋ! ಒಳಗೆ ಬನ್ನಿ!” ನಾನು ಹೋಗಲಿಲ್ಲ. ಚೀಟಿಯೂ ಬೇಡ, ಗುರುತಿನ ಕಾರ್ಡು ಸಾಕು. ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ಹದಿನೇಳು ಬಾಗಿಲು ತಟ್ಟಿದೆ. ಹದಿನೇಳು ಹೆಂಗಸರು ಮಳೆಯಲ್ಲಿ ಹೋಗಿ ಆ ಮೆಟ್ಟಿಲು ನೋಡಿ ಬಂದಿದ್ದಾರೆ.

ಅಮ್ಮ ಮೆಟ್ಟಿದ ಕಲ್ಲಿನ ಮೇಲೆ ಊರಿನ ಸಗಣಿ ಕಾಲು. ಅವನನ್ನು ಬಿಡಲಾರೆ.

ನಾಗವೇಣಿ


ಅಹಮದಾಬಾದ್, 4 ಆಗಸ್ಟ್ 2024

ಅಕ್ಕಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮಹಿಮಾ ಆ ಹುಡುಗನನ್ನು ಮೆಚ್ಚಿದ್ದಾಳೆ. ಆದರ್ಶನನ್ನು. ಇಬ್ಬರಿಗೂ ವಡೋದರಾದಲ್ಲಿ ಒಂದೇ ಕಡೆ ಕೆಲಸ. ಎರಡು ವರ್ಷದಿಂದ ಪರಿಚಯ. ನೀನು ಜೂನಿನಲ್ಲಿ ಹೋಗಿದ್ದಾಗ ಅವಳು ಫೋನಿನಲ್ಲಿ ನೋಡುತ್ತಿದ್ದದ್ದು ಅವನನ್ನೇ. ಪ್ರಶಾಂತ ನನಗೆ ಹೇಳಿದ ಮರುದಿನವೇ ನಿನ್ನ ಮೊದಲ ಕಾಗದ ಬಂತು. ನಾನೇನು ಮಾಡಬೇಕಿತ್ತು? ಅದಕ್ಕೇ ಮನೆಯವರು ಹೇಗೆ ಎಂದು ಕೇಳಿದೆ. ನೀನು ಸಿಂಹದ ಮೂಗಿನ ಕಥೆ ಬರೆದೆ.

ಇವರು ಒಪ್ಪಿದ್ದಾರೆ. ಹುಡುಗ ಬಂದಿದ್ದ, ವಿನಯವಂತ. ಇವರ ಮಂಡಿಗೆ ಎಣ್ಣೆ ತಂದುಕೊಟ್ಟ. ಚುನಾವಣೆ ಮುಗಿದ ವಾರದಲ್ಲಿ ಅವನ ತಂದೆ ತಾಯಿ ಮಾತುಕತೆಗೆ ಬರುವವರಿದ್ದಾರೆ. ನೀನು ಮನೆಯ ಹಿರಿಯಳು. ನಿನ್ನ ನಾಲಿಗೆಯಿಂದ ಆ ಹುಡುಗಿಯ ಮದುವೆ ಮುರಿಯಬಾರದು.

ಕಲ್ಲಿನ ವಿಷಯ ಓದಿ ನಾನು ಅತ್ತೆ. ಆ ಚಕ್ಕೆ ನಾನು ಮಾಡಿದ್ದು, ಹೌದು. ಆದರೆ ಕಲ್ಲಿಗಿಂತ ಕೂಸು ದೊಡ್ಡದಲ್ಲವೇ ಅಕ್ಕಾ? ನಿನ್ನ ಕಾಲಿಗೆ ಬೀಳುತ್ತೇನೆ. ಮತದಾನ ಮುಗಿಯುವವರೆಗೆ ಆ ಮನುಷ್ಯನ ವಿರುದ್ಧ ಇನ್ನೊಂದು ಮಾತು ಆಡಬೇಡ.

ಕಾಮಾಕ್ಷಿ


ಸೂರತ್, 10 ಆಗಸ್ಟ್ 2024

ಕಾಮಾಕ್ಷಿ,

ಕಾಗದ ಸೇರಿತು. ಎರಡು ತಿಂಗಳು ನನ್ನ ಬಾಯಿಂದ ವರಪರೀಕ್ಷೆ ಮಾಡಿಸಿದೆ, ಭಲೆ.

ಆಯಿತು. ಮಯೂರನ ವಿರುದ್ಧ ಇನ್ನೊಂದು ಮಾತು ಆಡುವುದಿಲ್ಲ. ಅಮ್ಮನಾಣೆ. ಅಕ್ಕಿ ನೆನೆಹಾಕಬೇಕು, ಇಷ್ಟೇ.

ನಾಗವೇಣಿ


ಅಹಮದಾಬಾದ್, 14 ಆಗಸ್ಟ್ 2024

ನನ್ನ ಮುದ್ದು ಅಕ್ಕಾ,

ನಿನ್ನ ಎರಡು ಸಾಲು ಓದಿ ದೇವರ ಮುಂದೆ ದೀಪ ಹಚ್ಚಿದೆ. ನಿನ್ನ ಮನಸ್ಸು ಬೆಣ್ಣೆ ಎಂದು ನನಗೆ ಗೊತ್ತಿತ್ತು. ಇವರಿಗೂ ಓದಿ ಹೇಳಿದೆ. “ನಾಗಕ್ಕ ಸುಮ್ಮನಾದರೆ ಎಲ್ಲ ಸುಗಮ” ಎಂದರು. ಮಹಿಮಾಳಿಗೆ ನಿನ್ನ ಆಶೀರ್ವಾದ ತಿಳಿಸಿದ್ದೇನೆ. ಇನ್ನು ಯಾವ ಯೋಚನೆಯೂ ಇಲ್ಲ.

ಕಾಮಾಕ್ಷಿ


ಸೂರತ್, 21 ಆಗಸ್ಟ್ 2024

ಕಾಮಾಕ್ಷಿ,

ಪೇಪರಿನಲ್ಲಿ ನೋಡಿರುತ್ತೀಯ. ಮಯೂರ ಮೂವತ್ತೇಳು ವೋಟಿನಿಂದ ಸೋತ. ಹೊಲಿಗೆ ಯಂತ್ರ ಗೆದ್ದಿತು.

ನಾನು ಮಾತು ಮುರಿದೆ ಎಂದು ನೀನು ಬಾಯಿಗೆ ಬಂದಂತೆ ಬೈಯುವ ಮೊದಲು ನಡೆದದ್ದನ್ನು ಕೇಳು. ಆಣೆ ಹಾಕಿದ ಮೇಲೆ ಅವನ ಹೆಸರನ್ನು ಕನಸಿನಲ್ಲೂ ಎತ್ತಿಲ್ಲ. “ಬಾ, ಕಲ್ಲು?” ಎಂದು ಕೇಳಿದವರಿಗೆ ಆಕಾಶ ತೋರಿಸಿದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹಿಂದಿನ ಬಾಗಿಲಲ್ಲಿ ಡಬ್ಬಗಳ ಸಾಲು. ಮಳೆ ಸುರಿಯುತ್ತಿತ್ತು. ಅವನ ಹುಡುಗರು ಹೇಳಿದ್ದು ಸುಳ್ಳಲ್ಲ, ಮಾರಾಯ್ತಿ. ಒಬ್ಬಳಿಗೂ ವೋಟಿಗೆ ಹೋಗುವ ಅಂದಾಜೇ ಇರಲಿಲ್ಲ. ದೋಸೆ ತಿಂದು ಮಲಗುವ ಲೆಕ್ಕ. ನಾನು ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿ ಅದರ ಮೇಲೆ ಅಮ್ಮನ ಗುಂಡುಕಲ್ಲು ಇಟ್ಟೆ.

“ಬೆರಳು ತೋರಿಸಿ.”

“ಎಂಥಾ ಬೆರಳು, ಬಾ?”

“ಶಾಯಿ ಹಚ್ಚಿದ ಬೆರಳು. ಇಲ್ಲದವರಿಗೆ ಈ ವಾರ ಹಿಟ್ಟಿಲ್ಲ.”

ಗಲಾಟೆಯೋ ಗಲಾಟೆ. “ಮಕ್ಕಳು ಕಾಯ್ತಾ ಇದ್ದಾರೆ,” “ಗಂಡ ಬೈತಾನೆ,” “ಇದೆಂಥ ದಾದಾಗಿರಿ!” ನಾನು ಕದಲಲಿಲ್ಲ. “ಯಾರಿಗಾದರೂ ಹಾಕಿ. ನನಗೆ ಬೇಕಾದ್ದು ಬೆರಳು,” ಎಂದೆ. ಡಬ್ಬ ಸಾಲಾಗಿ ಇಟ್ಟು, ಬೈಯುತ್ತಾ, ಕೊಡೆ ಹಂಚಿಕೊಂಡು ವೋಟು ಹಾಕುವ ಶಾಲೆಗೆ ಹೋದರು. ಕೆಲವರು ಗಂಡಂದಿರನ್ನೂ ಎಬ್ಬಿಸಿ ಕರೆದುಕೊಂಡು ಹೋದರು. ಸಂದೀಪ ಬಂದು ತಲೆ ಮೇಲೆ ಕೈ ಹೊತ್ತ. ಅವನಿಗೂ ಉಪ್ಪಿಟ್ಟು ಕೊಡಲಿಲ್ಲ. ಹೋಗಿ ಬೆರಳು ಮಾಡಿಸಿಕೊಂಡು ಬಂದ, ಪಾಪ. ಹತ್ತೂವರೆಗೆ ಪಾತ್ರೆ ಖಾಲಿ.

ಕಟ್ಟಕಡೆಗೆ ಬಂದವಳು ಮನಸ್ವಿನಿ. ಬೆರಳಿನ ಶಾಯಿ ಹಸಿಯಿತ್ತು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಡಬ್ಬ ತೆಗೆದುಕೊಳ್ಳುವಾಗ ನೆಲ ನೋಡುತ್ತಾ, “ಬಾ, ಆ ಮೆಟ್ಟಿಲ ಮೇಲೆ ನಾನು ಕಾಲಿಟ್ಟಿಲ್ಲ. ದಾಟಿ ಹೋಗುತ್ತೇನೆ,” ಎಂದಳು.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಲಿಲ್ಲ. ಎಲ್ಲ ಓಣಿಗೂ ಎರಡೆರಡು ಸಲ ಬಂದವನು, ಕಡೆಯ ವಾರ ನಮ್ಮ ‘ಇತರೆ’ಯವರ ಓಣಿಗೆ ಇಣುಕಿಯೂ ನೋಡಲಿಲ್ಲ. ಬಂದು ಕೈಮುಗಿದಿದ್ದರೆ ಇಪ್ಪತ್ತು ಜನ ಕರಗುತ್ತಿದ್ದರು. ಹೆಂಗಸರ ಮನಸ್ಸು ನನಗೆ ಗೊತ್ತು. ದೇವರೇ ಅವನ ಕಾಲು ಕಟ್ಟಿರಬೇಕು.

ನಾಗವೇಣಿ


ಅಹಮದಾಬಾದ್, 27 ಆಗಸ್ಟ್ 2024

ನಾಗವೇಣಿಯವರಿಗೆ,

ಅವರು ಸಂಬಂಧ ಬೇಡವೆಂದು ಹೇಳಿ ಕಳಿಸಿದ್ದಾರೆ. ಮಹಿಮಾ ಎರಡು ದಿನದಿಂದ ಊಟ ಮಾಡಿಲ್ಲ. ನಿಮ್ಮ ಹಗೆ ತೀರಿತಲ್ಲ, ಸುಖವಾಗಿರಿ. ಇನ್ನು ಮುಂದೆ ನನಗೆ ಕಾಗದ ಬರೆಯಬೇಡಿ.

ಕಾಮಾಕ್ಷಿ ಹರಿಪ್ರಸಾದ


ಸೂರತ್, 30 ಅಕ್ಟೋಬರ್ 2024

ಶ್ರೀಮತಿ ಕಾಮಾಕ್ಷಿ ಹರಿಪ್ರಸಾದ ಅವರಿಗೆ,

ಬರೆಯಬೇಡ ಎಂದೆ. ಎರಡು ತಿಂಗಳು ಬರೆಯಲಿಲ್ಲ. ನಾಳೆ ದೀಪಾವಳಿ, ಹಬ್ಬಕ್ಕೂ ನಾಲಿಗೆ ಕಟ್ಟಿಕೊಂಡು ಕೂರಲು ನಾನೇನು ನಿನ್ನ ತಂಗಿಯೇ?

ನಿನಗೆ ತಿಳಿಯದ್ದು ಎರಡಿವೆ. ಮೊದಲನೆಯದು, ಸೆಪ್ಟೆಂಬರಿನಲ್ಲಿ ಮಹಿಮಾ ಇಲ್ಲಿಗೆ ಬಂದಿದ್ದಳು. ಒಬ್ಬಳೇ, ಬೆಳಗಿನ ಗಾಡಿಗೆ. ನಾನು ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ. ಹುಡುಗಿ ತನ್ನ ಅರ್ಧಂಬರ್ಧ ಕನ್ನಡದಲ್ಲಿ, “ಅಜ್ಜೀ, ನಾನು ಆಂಗ್ರಿ ಇಲ್ಲ. ಕಲ್ಲು ಎಲ್ಲಿ ಇದೆ, ನನಗೆ ತೋರಿಸಿ,” ಎಂದಳು. ಕರೆದುಕೊಂಡು ಹೋದೆ. ಕಚೇರಿಗೆ ಬೀಗ ಬಿದ್ದಿತ್ತು. ಮೆಟ್ಟಿಲ ಮುಂದೆ ಅವಳು ಚಪ್ಪಲಿ ಬಿಟ್ಟಳು, ಕೂತಳು, ಚಕ್ಕೆಯನ್ನು ಬೆರಳಿನಿಂದ ಸವರಿದಳು. ಅಲ್ಲಿಂದಲೇ ಆ ಹುಡುಗನಿಗೆ ಫೋನು ಮಾಡಿ ಹಿಂದಿಯಲ್ಲಿ ಹೇಳಿದ್ದು ನನಗೂ ತಿಳಿಯಿತು: “ನಿನ್ನ ಅಪ್ಪ ಬೇಡ ಅಂದದ್ದು ಆಮೇಲೆ. ಈ ಕಲ್ಲು ನಮ್ಮಜ್ಜಿಯ ಕೈಗೆ ಬರುವವರೆಗೆ ನಾನೇ ಬೇಡ ಅನ್ನುತ್ತೇನೆ.” ನಿನ್ನ ಮೊಮ್ಮಗಳು, ಆದರೆ ಬುದ್ಧಿ ನನ್ನದು.

ಎರಡನೆಯದು ನಿನ್ನೆಯದು. ಧನತೇರಸ್ ದಿನ ಮಯೂರ ಬಂದ, ಹಿಂದಿನ ಬಾಗಿಲಿಗೆ. ಕೈಯಲ್ಲಿ ಮಿಠಾಯಿ. ಮಗ ನವರಾತ್ರಿಗೆ ಬರಲಿಲ್ಲವಂತೆ, ದೀಪಾವಳಿಗೂ ಬರುವುದಿಲ್ಲ ಎಂದನಂತೆ. ಹೆಂಡತಿ ಮಾತು ಬಿಟ್ಟಿದ್ದಾಳಂತೆ.

“ಸೋತೆ, ಬಾ. ಇನ್ನೇನು ಬೇಕು ನಿಮಗೆ? ಹುಡುಗಿಯನ್ನು ಕೊಡಿ.”

“ಕಲ್ಲು,” ಎಂದೆ.

“ಇವತ್ತೇ ಆಳು ಕಳಿಸಿ...”

“ಆಳಲ್ಲ, ಭಾಯಿ. ನೀವು. ನಮ್ಮಲ್ಲಿ ಧಾರೆಯಾದ ಮೇಲೆ ಹೆಣ್ಣು ಕಲ್ಲು ಮೆಟ್ಟಬೇಕು. ಆ ಕಲ್ಲನ್ನು ನೀವೇ ಅಗೆದು ತೆಗೆಯಬೇಕು, ನೀವೇ ಎತ್ತಿ ಮಂಟಪಕ್ಕೆ ತರಬೇಕು. ಕಾರಿನಲ್ಲಿ ಬರಲಿ, ಬೇಡ ಎನ್ನುವುದಿಲ್ಲ. ಕಾರಿನಿಂದ ಮಂಟಪಕ್ಕೆ ನಿಮ್ಮ ಎದೆಯ ಮೇಲೆ.”

ಬೆನ್ನುನೋವು ಎಂದ. ನನ್ನ ಗಂಡನಿಗೂ ಇತ್ತು ಎಂದೆ. ಒಪ್ಪಿದ.

ಇನ್ನು ಹೆಣ್ಣಿನ ಕಡೆಯವರು ನೀವು ಒಪ್ಪುತ್ತೀರೋ ಇಲ್ಲವೋ ಬರೆಯಿರಿ. ಮಿಠಾಯಿ ಸಂದೀಪ ತಿಂದ. ನಾನು ಮುಟ್ಟಿಲ್ಲ.

ನಾಗವೇಣಿ ನಾರಾಯಣ


ಅಹಮದಾಬಾದ್, 9 ನವೆಂಬರ್ 2024

ಅಕ್ಕಾ,

ಯಾವ ಮುಖ ಇಟ್ಟುಕೊಂಡು ಬರೆಯಲಿ? ಮದುವೆ ಡಿಸೆಂಬರ್ ಐದಕ್ಕೆ, ವಡೋದರಾದಲ್ಲಿ. ನೀನು ಬಂದು ನಿಂತು ಮಾಡಿಸಬೇಕು.

ಒಂದು ಮಾತು ನಿನ್ನಿಂದ ಮುಚ್ಚಿಟ್ಟಿದ್ದೆ. ಕಡೆಯ ವಾರ ಮಯೂರ್ ಭಾಯಿ ನಿಮ್ಮ ಓಣಿಗೆ ಬರಲಿಲ್ಲ ಎಂದು ಬರೆದಿದ್ದೆಯಲ್ಲ? ಅವರ ಕಾಲು ಕಟ್ಟಿದ್ದು ದೇವರಲ್ಲ, ನಾನು. ನಿನ್ನ ಎರಡು ಸಾಲಿನ ಕಾಗದ ಓದಿದ ದಿನ, ಸಂಬಂಧ ಗಟ್ಟಿಯಾಗಲೆಂದು, ಪ್ರಶಾಂತನ ಮೂಲಕ ಅವರಿಗೆ ಹೇಳಿ ಕಳಿಸಿದೆ: ‘ಆ ಓಣಿಯ ವೋಟೆಲ್ಲ ನಮ್ಮ ಅಕ್ಕನ ಕೈಯಲ್ಲಿದೆ. ಅವಳು ಈಗ ನಮ್ಮ ಮಾತು ಕೇಳಿದ್ದಾಳೆ. ನೀವು ನಿಶ್ಚಿಂತೆಯಿಂದಿರಿ, ಅತ್ತ ಹೋಗುವುದೇ ಬೇಡ.’

ಅವರು ಹೋಗಲಿಲ್ಲ. ಸೋತಾಗ ನನ್ನ ಮೇಲಿನ ಸಿಟ್ಟನ್ನೆಲ್ಲ ನಿನ್ನ ಮೇಲೆ ಹಾಕಿದೆ. ಮೂವತ್ತೇಳು ವೋಟಿನಲ್ಲಿ ನನ್ನ ಪಾಲೂ ಇದೆ.

ಕಾಮಾಕ್ಷಿ


ಸೂರತ್, 15 ಡಿಸೆಂಬರ್ 2024

ಕಾಮೂ,

ನಿನ್ನ ಕಾಗದ ಓದಿ ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಸೊಸೆ ಹೆದರಿ ನೀರು ತಂದಳು. ನಾನು ಐವತ್ತೆರಡು ಡಬ್ಬ ಹಿಡಿದು ಮಾಡಿದ್ದನ್ನು ನೀನು ಒಂದು ಬಡಾಯಿಯಲ್ಲಿ ಮಾಡಿದೆ. ಅಮ್ಮನಿಗೆ ಇಬ್ಬರೂ ಮಕ್ಕಳೇ.

ಮದುವೆಯ ದಿನ ನೀನು ಮುಂಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದೆ. ಹಿಂಬಾಗಿಲಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ಮಂಟಪ ಮೊದಲನೇ ಮಹಡಿಯಲ್ಲಿ ಇತ್ತಲ್ಲ. ಲಿಫ್ಟು ಕೆಟ್ಟಿದೆ ಎಂದು ಯಾರೋ ಹೇಳಿದರಂತೆ. ಕೆಟ್ಟಿರಲಿಲ್ಲ. ಅದರ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ನಾನು ಕೂತಿದ್ದೆ.

ಮಯೂರ ಕಾರಿನಿಂದ ಕಲ್ಲು ಎತ್ತಿದ. ರೇಷ್ಮೆ ಕುರ್ತಾ, ಜರಿಯ ದುಪಟ್ಟ. ಇಪ್ಪತ್ತೆರಡು ಮೆಟ್ಟಿಲು. ಅಂದು ನಕ್ಕ ಹತ್ತು ಜನರಲ್ಲಿ ಆರು ಜನ ದಿಬ್ಬಣದಲ್ಲೇ ಇದ್ದರು. ಒಬ್ಬ ಕೈ ಕೊಡಲು ಬಂದ. ನಾನು ಕೆಮ್ಮಿದೆ. ಅವನು ಕೈ ಹಿಂದಕ್ಕೆ ತೆಗೆದ. ಮಯೂರ ಮಂಟಪದಲ್ಲಿ ಕಲ್ಲು ಇಳಿಸಿದಾಗ, “ಅಲ್ಲಿ ಅಲ್ಲ, ಭಾಯಿ. ಇಲ್ಲಿ,” ಎಂದು ಎರಡು ಮಾರು ಆಚೆ ತೋರಿಸಿದೆ. ಮತ್ತೆ ಎತ್ತಿದ. ಆಮೇಲೆ ನಮ್ಮ ಕೂಸು ಅರಿಶಿನದ ಕಾಲು ಅದರ ಮೇಲೆ ಇಟ್ಟದ್ದನ್ನು ನೀನೂ ನೋಡಿದ್ದೀ. ನೀನು ಅತ್ತೆ. ನಾನು ಅಳಲಿಲ್ಲ, ನನಗೆ ಇನ್ನೂ ಸ್ವಲ್ಪ ಕೆಲಸ ಬಾಕಿ ಇತ್ತು.

ಮೊನ್ನೆ ಬೀಗರ ಊಟಕ್ಕೆ ಇಲ್ಲಿಗೆ ಕರೆದೆ. ನಿನ್ನ ಯಜಮಾನರ ಮಂಡಿಯಿಂದಾಗಿ ನೀನು ಬರಲಿಲ್ಲ. ಕಲ್ಲು ಮತ್ತೆ ಜಗಲಿಗೆ ಬಂದಿದೆ, ಗುಂಡು ಮತ್ತೆ ಅದರ ಮೇಲೆ ಕೂತಿದೆ. ಆರು ತಿಂಗಳ ಮೇಲೆ ಮೊದಲ ಚಟ್ನಿ ನಾನೇ ಅರೆದೆ. ಇಲ್ಲಿಯವರು ಲವಿಂಗಿಯಾ ಎನ್ನುವ ಸಣ್ಣ ಮೆಣಸು ಇದೆಯಲ್ಲ, ಮುಟ್ಟಿದ ಬೆರಳೂ ಉರಿಯುವಂಥದ್ದು, ಅದನ್ನು ಎರಡು ಮುಷ್ಟಿ ಹಾಕಿದೆ. ಬೆಲ್ಲ ಹಾಕಲಿಲ್ಲ. ಎಲ್ಲರಿಗೂ ಬೇರೆ ಬಟ್ಟಲು, ಬೀಗರಿಗೆ ಈ ಬಟ್ಟಲು. ನನ್ನ ಕೈಯಾರೆ ಎಲೆಗೆ ಬಡಿಸಿದೆ. ಹೆಣ್ಣಿನ ಕಡೆಯ ಹಿರಿಯಳು ಬಡಿಸಿದ್ದನ್ನು ಎಲೆಯಲ್ಲಿ ಬಿಟ್ಟು ಏಳುವುದು ಹೇಗೆ? ಬೇಳೆಸಾರಿಗೂ ಸಕ್ಕರೆ ಹಾಕಿ ತಿನ್ನುವ ಬಾಯಿ ಅದು.

ಮೊದಲ ತುತ್ತಿಗೆ ಕಿವಿ ಕೆಂಪಾಯಿತು. ಎರಡನೆಯದಕ್ಕೆ ಮೂಗು. ಮೂರನೆಯದಕ್ಕೆ ಎರಡು ಕಣ್ಣಿನಿಂದಲೂ ನೀರು ಧಾರೆ ಧಾರೆಯಾಗಿ ಇಳಿಯಿತು. ಮನಸ್ವಿನಿ ಸೆರಗು ಬಾಯಿಗಿಟ್ಟು ಅತ್ತ ತಿರುಗಿದಳು, ಅಳಲಿಕ್ಕಂತೂ ಅಲ್ಲ. ನಾನು ಬಗ್ಗಿ ಇನ್ನೊಂದು ಚಮಚ ಬಡಿಸಿ ಕೇಳಿದೆ:

“ಏನಾಯಿತು, ಭಾಯಿ? ಚಟ್ನಿ ತಾನೇ!”

ಅವನು ನನ್ನನ್ನು ನೋಡಿದ, ಕಲ್ಲನ್ನು ನೋಡಿದ, ಕೊನೆಗೆ ಆ ಚಮಚದ್ದನ್ನೂ ತಿಂದ. ಅಷ್ಟರ ಮಟ್ಟಿಗೆ ಗಂಡಸು.

ಕಲ್ಲಿನ ಅಂಚಿಗೆ ಅವನು ಮೆತ್ತಿಸಿದ ಸಿಮೆಂಟು ಬೆರಳಗಲ ಇನ್ನೂ ಅಂಟಿಕೊಂಡಿದೆ. ಸಂಧ್ಯಾ ಉಳಿ ತಂದು ಕೆತ್ತಿ ತೆಗೆಯಲು ಕೂತಿದ್ದಳು. ಬೇಡ, ಇರಲಿ ಎಂದೆ. ಬೀಗರು ಬಂದಾಗಲೆಲ್ಲ ಅದರ ಎದುರಿಗೇ ಅವರ ಕುರ್ಚಿ ಹಾಕಿಸುತ್ತೇನೆ.

ನಾಗವೇಣಿ